ಫ್ಲೂ ಬಂದ ಮೇಲೆ ಉರಿಯೂತ ಇಳಿಸಿಕೊಳ್ಳೋಕೆ ಏನು ಮಾಡಿದಿರಿ? ಅನುಭವ ಇದ್ದವರು ಹೇಳಿ

ನಿದ್ದೆಗೆಟ್ಟವ:
ವಯಸ್ಸು 41. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ ಅಂತ ಬಂತು. ಇವತ್ತಿಗೆ ಏಳನೇ ದಿನ. ಜ್ವರ ಮೊನ್ನೆಯೇ ಬಿಟ್ಟಿದೆ. ಆದರೆ ಮೈಯೆಲ್ಲ ಜಜ್ಜಿದ ಹಾಗಿದೆ, ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತದ ಸಿಆರ್‌ಪಿ ಇನ್ನೂ ಇಳಿದಿಲ್ಲ. ಆಕ್ಸಿಡೇಟಿವ್ ಸ್ಟ್ರೆಸ್ (ಉಗ್ರ ಆಕ್ಸಿಜನ್ ಕಣಗಳಿಂದ ಜೀವಕೋಶಕ್ಕಾಗುವ ಹಾನಿ) ತಗ್ಗಬೇಕಾದರೆ ಎನ್‌ಎಸಿ (ಎನ್-ಅಸಿಟೈಲ್ ಸಿಸ್ಟೀನ್ ಅನ್ನುವ ಮಾತ್ರೆ), ವಿಟಮಿನ್ ಸಿ ತಗೋ ಅಂತ ಸ್ನೇಹಿತರೊಬ್ಬರು ಹೇಳ್ತಿದ್ದಾರೆ. ಯಾರಾದರೂ ತಗೊಂಡಿದ್ದೀರಾ?

ದಿನಚರಿ:
ತಗೊಂಡಿದ್ದೇನೆ, ಈಗಲೂ ತಗೊಳ್ತಿದ್ದೇನೆ. ಸಾಲಾಗಿ ಎರಡು ವರ್ಷ ಫ್ಲೂ ಬಂದು ಮೂರು ಮೂರು ವಾರ ಹಾಸಿಗೆ ಹಿಡಿದಿದ್ದೆ. ಮೂರನೇ ವರ್ಷ ಫ್ಲೂ ಕಾಲಕ್ಕೆ ಮೊದಲೇ ಎನ್‌ಎಸಿ ಶುರು ಮಾಡಿದೆ. 600 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು, ಆರು ತಿಂಗಳು. ನೀರಿಗೆ ಹಾಕಿದ ಕೂಡಲೇ ಬುಸುಬುಸು ನೊರೆ, ಹಿಂದೆಯೇ ಕೊಳೆತ ಮೊಟ್ಟೆಯ ನಾತ. ಮೊದಲ ವಾರ ಮೂಗು ಹಿಡಿದೇ ಕುಡಿದೆ. ಎರಡು ಸಲ ಹೊಟ್ಟೆ ಕೆಟ್ಟಿತು. ಆರು ತಿಂಗಳಿಗೆ ಸುಮಾರು 360 ಮಾತ್ರೆ, ಒಂದೊಂದಕ್ಕೂ ಡೈರಿಯಲ್ಲಿ ಗೀಟು ಹಾಕಿದ್ದೇನೆ. ಆ ವರ್ಷ ಎರಡು ದಿನ ಮೂಗು ಸೋರಿದ್ದು ಬಿಟ್ಟರೆ ಏನೂ ಆಗಲಿಲ್ಲ. 1997ರ ಇಟಲಿಯ ಅಧ್ಯಯನವೂ ಇದೇ ಡೋಸು, ಇದೇ ಆರು ತಿಂಗಳು, 262 ಜನ. ಒಂದು ಗುಂಪಿಗೆ ಎನ್‌ಎಸಿ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಸೋಂಕು ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಸಮ ತಗುಲಿತು. ಆದರೆ ತಗುಲಿದವರಲ್ಲಿ ಕಾಯಿಲೆ ಬಿದ್ದವರು ಎನ್‌ಎಸಿ ಗುಂಪಿನಲ್ಲಿ ಶೇ 25, ಉಳಿದವರಲ್ಲಿ ಶೇ 79.

ವಾರ್ಡ್ ನರ್ಸ್:
ದಿನಚರಿ ಅವರೇ, ಅರ್ಧ ಹೇಳಬೇಡಿ. ಆ ಅಧ್ಯಯನದವರು ಸೋಂಕು ತಗುಲುವ ಮೊದಲಿಂದ ತಗೊಳ್ತಿದ್ದವರು, ಅದರಲ್ಲೂ ಬಹಳಷ್ಟು ಜನ 65 ತುಂಬಿದವರು. ಏಳನೇ ದಿನ ಶುರು ಮಾಡುವವರಿಗೆ ಅದು ಉತ್ತರವಲ್ಲ. ನಾನು ಡ್ಯೂಟಿಯಲ್ಲೇ ಅಂಟಿಸಿಕೊಂಡೆ. ಗಂಟಲು ಕೆರೆತ ಶುರುವಾಗಿ 20 ಗಂಟೆಯೊಳಗೆ ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್, 75 ಮಿಲಿಗ್ರಾಂ ದಿನಕ್ಕೆ ಎರಡು, ಐದು ದಿನ. ಮೊದಲ ಎರಡು ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಂಡೆ, ಮೂರನೆಯದರಿಂದ ಊಟದ ಜೊತೆ ತಗೊಂಡೆ. ನಾಲ್ಕನೇ ದಿನ ಎದ್ದು ಓಡಾಡಿದೆ. ವೈರಸ್ ಹೆಚ್ಚುವುದನ್ನು ಮೊದಲೇ ತಡೆದರೆ ಉರಿಯೂತಕ್ಕೆ ಉರುವಲೇ ಸಿಗೋದಿಲ್ಲ. 48 ಗಂಟೆ ದಾಟಿಸಬಾರದು ಅನ್ನೋದು ಅದಕ್ಕೇ.

ಹತ್ತು ಕ್ಯಾಪ್ಸೂಲು:
48 ಗಂಟೆ ಅಂತ ನನಗೆ ಯಾರೂ ಹೇಳಲಿಲ್ಲ ಮೇಡಂ. ನಾಲ್ಕನೇ ದಿನ ಬರೆದುಕೊಟ್ಟರು. ಹತ್ತೂ ನುಂಗಿದೆ, ಏಳು ಸಲ ವಾಂತಿ. ಜ್ವರ ಬಿಡೋ ಹೊತ್ತಿಗೆ ಬಿಟ್ಟಿತು, ಒಂದು ಗಂಟೆಯೂ ಮುಂಚೆ ಅಲ್ಲ. ಬೇಗ ಶುರು ಮಾಡಿದ ದೊಡ್ಡವರಿಗೂ ಕಾಯಿಲೆ ಕಡಿಮೆಯಾಗೋದು ಸರಾಸರಿ 17 ಗಂಟೆ ಮುಂಚೆ ಅಷ್ಟೇ ಅಂತ, ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದ 2014ರ ಕಾಕ್ರೇನ್ ವಿಮರ್ಶೆಯಲ್ಲಿದೆ. ಅಷ್ಟಕ್ಕೆ ಇಷ್ಟು ಗುಣಗಾನ ಬೇಡ.

ವಾರ್ಡ್ ನರ್ಸ್:
ಗುಣಗಾನ ಅಲ್ಲ ಸರ್. ಉಸಿರಿಗೆ ಒದ್ದಾಡಿ ಅಡ್ಮಿಟ್ ಆದವರನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಅಂಥವರಿಗೆ ತಡವಾಗಿದ್ದರೂ ಕೊಡ್ತೀವಿ.

ದಿನಚರಿ:
ಏಳನೇ ದಿನಕ್ಕೂ ಉತ್ತರ ಇದೆ. ವೈರಸ್ ಕೊಲ್ಲಲು ಬಂದ ಬಿಳಿರಕ್ತಕಣಗಳೇ ಸೂಪರ್‌ಆಕ್ಸೈಡ್ ಅನ್ನುವ ಉಗ್ರ ಆಕ್ಸಿಜನ್ ರೂಪ ಕಾರಿ ಶ್ವಾಸಕೋಶವನ್ನು ಸುಡುತ್ತವೆ. 1989ರಲ್ಲಿ ಜಪಾನಿನವರು ಅದನ್ನು ಮುರಿಯುವ ಎಸ್‌ಒಡಿ ಕಿಣ್ವವನ್ನು ಸೋಂಕಿನ 5ರಿಂದ 8ನೇ ದಿನದ ನಡುವೆ ಕೊಟ್ಟು ಇಲಿಗಳನ್ನು ಉಳಿಸಿದ್ದಾರೆ.

ವಾರ್ಡ್ ನರ್ಸ್:
ಅದು ಪಾಲಿಮರ್‌ಗೆ ಕಟ್ಟಿ ಇಲಿಗೆ ಚುಚ್ಚಿದ ಕಿಣ್ವ. ನುಂಗುವ ಮಾತ್ರೆಗೂ ಅದಕ್ಕೂ ಗಂಟು ಹಾಕಬೇಡಿ. ಓದುವವರು ನಂಬಿ ಕೂರ್ತಾರೆ.

ಹನ್ನೊಂದು ದಿನ:
ನನ್ನದನ್ನೂ ಕೇಳಿ. ಉರಿಯೂತ ತಾನೇ, ಸ್ಟೀರಾಯ್ಡ್ ಇದೆಯಲ್ಲ ಅಂದುಕೊಂಡೆ. ಹಿಂದೆ ಅಲರ್ಜಿಗೆ ಕೊಟ್ಟಿದ್ದ ಪ್ರೆಡ್ನಿಸೊಲೋನ್ ಒಂದೂವರೆ ಸ್ಟ್ರಿಪ್ ಉಳಿದಿತ್ತು. ಐದನೇ ದಿನ ಯಾರನ್ನೂ ಕೇಳದೆ ಶುರು ಮಾಡಿದೆ. ಮರುದಿನ ಮೈನೋವು ಮಾಯ, ಎದ್ದು ಬಟ್ಟೆ ಒಗೆದೆ. ಎಂಟನೇ ದಿನ ರಾತ್ರಿ ಹಲ್ಲು ಕಟಕಟ ಅನ್ನುವ ಚಳಿ, ಕಫ ತುಕ್ಕಿನ ಬಣ್ಣ, ಎಡ ಪಕ್ಕೆಯಲ್ಲಿ ಚಾಕು ಹಾಕಿದ ನೋವು. ಬ್ಯಾಕ್ಟೀರಿಯಾ ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಹನ್ನೊಂದು ದಿನ, ಅದರಲ್ಲಿ ನಾಲ್ಕು ದಿನ ಆಕ್ಸಿಜನ್. ಕೂಡಿಟ್ಟ ರಜೆಯೆಲ್ಲ ಮುಗಿದು ಸಂಬಳ ಕಡಿತ, ಮಗಳ ಪರೀಕ್ಷೆಗೆ ಜೊತೆಗಿರಲಿಲ್ಲ. ತೀವ್ರ ಫ್ಲೂಗೂ ಸ್ಟೀರಾಯ್ಡ್ ಬೇಡ ಅನ್ನುವ ಕಡೆಗೇ ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಇದೆ. ಬಿಟ್ಟ ಜ್ವರ ಮತ್ತೆ ಬಂತೆಂದರೆ ಮನೆಯಲ್ಲಿ ಕೂರಬೇಡಿ.

ಹಳೇ ಓಟಗಾರ:
ಮಾತ್ರೆ ಜಗಳ ಸಾಕು. ಒಂಬತ್ತನೇ ದಿನ ಆರು ಕಿಲೋಮೀಟರ್ ಓಡಿದೆ. ಸಂಜೆ ಎದೆ ಹಿಡಿದುಕೊಂಡಿತು, ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಏರಿತ್ತು. ಹೃದಯದ ಸ್ನಾಯುವಿಗೇ ಉರಿಯೂತ. ಆರು ತಿಂಗಳು ಓಟ ಬಂದ್. ವಿಟಮಿನ್ ಸಿ ದಿನಕ್ಕೆ ಎರಡು ಗ್ರಾಂ ತಗೊಳ್ತಿದ್ದೆ, ಅದೇನೂ ಕಾಯಲಿಲ್ಲ, ಮೇಲಿಂದ ಕಿಡ್ನಿ ಕಲ್ಲು.

ದಿನಚರಿ:
ಕಲ್ಲು ವಿಟಮಿನ್‌ನಿಂದಲೇ ಅಂತ ಹೇಗೆ ಹೇಳ್ತೀರಿ? ನೀರು ಎಷ್ಟು ಕುಡೀತಿದ್ರಿ?

ಹಳೇ ಓಟಗಾರ:
ನೋವು ತಿಂದವನು ನಾನು. ಕಲ್ಲು ಪರೀಕ್ಷೆ ಮಾಡಿಸಿದ್ದೇನೆ, ಆಕ್ಸಲೇಟ್. ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗುತ್ತೆ. ನಿಮ್ಮ ಡೈರಿಯಲ್ಲಿ ಅದನ್ನೂ ಬರ್ಕೊಳ್ಳಿ.

ನಿದ್ದೆಗೆಟ್ಟವ:
ಎಲ್ಲರಿಗೂ ಧನ್ಯವಾದ. ಬೆಳಗಿನ ಜಾವ ಜ್ವರ ಮತ್ತೆ ಬಂದಿದೆ, 101.4. ಉಸಿರು ಎಳೆದರೆ ಬಲ ಪಕ್ಕೆ ಹಿಡಿಯುತ್ತೆ. ಹನ್ನೊಂದು ದಿನ ಅವರೇ, ನಿಮ್ಮದು ಓದಿ ಹೊರಟಿದ್ದೇನೆ.

ಹನ್ನೊಂದು ದಿನ:
ಈಗಲೇ ಹೊರಡಿ, ಗಾಡಿ ನೀವು ಓಡಿಸಬೇಡಿ. ಇಷ್ಟು ದಿನ ನುಂಗಿದ ಮಾತ್ರೆಗಳ ಸ್ಟ್ರಿಪ್ ಎಲ್ಲಾ ಚೀಲದಲ್ಲಿ ಹಾಕಿಕೊಳ್ಳಿ. ನನಗೆ ಕೇಳಿದ ಮೊದಲ ಪ್ರಶ್ನೆಯೇ ಅದು.