ಪದಚರ್ಚೆ: ‘ಎಥಿಕ್ಸ್’ ಎಂದರೆ ನೀತಿಯೋ, ನೈತಿಕತೆಯೋ?

ಎಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯವೊಂದರ ಸುತ್ತೋಲೆಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಥಿಕ್ಸ್ ಮತ್ತು ಹ್ಯೂಮನ್ ವ್ಯಾಲ್ಯೂಸ್ ಬಗ್ಗೆ ಸಂಶೋಧನೆ ಮಾಡುವ ಅಧ್ಯಾಪಕರಿಗೆ ವಿಶ್ವವಿದ್ಯಾಲಯವೇ ಹಣ ಕೊಡುತ್ತದೆ, ಅರ್ಜಿ ಹಾಕಿ, ಇಷ್ಟೇ ವಿಷಯ. ಎರಡು ಪುಟ, ಒಂದು ಗಂಟೆ ಸಾಕು ಎಂದು ಕೂತವನು ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

ಮೊದಲ ಕರಡಿನಲ್ಲಿ ‘ನೀತಿ ಮತ್ತು ಮಾನವ ಮೌಲ್ಯ ಸಂಶೋಧನೆಗೆ ಧನಸಹಾಯ’ ಎಂದು ಬರೆದಿದ್ದೆ. ಅದನ್ನು ನೋಡಿದ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು, ‘ಒಳ್ಳೇದಾಯ್ತು ಬಿಡಿ, ಹಾಲಿನ ದರ ನೀತಿ ಮೇಲೆ ನನ್ನದೊಂದು ಪ್ರಸ್ತಾವ ರೆಡಿ ಇದೆ’ ಅಂದರು. ಅವರದೇನೂ ತಪ್ಪಿಲ್ಲ. ಶಿಕ್ಷಣ ನೀತಿ, ಕೈಗಾರಿಕಾ ನೀತಿ, ನೀತಿ ಆಯೋಗ ಅಂತ ದಿನವೂ ಓದುವವರಿಗೆ ನೀತಿ ಎಂದರೆ ಸರ್ಕಾರದ್ದು. ಚುನಾವಣೆ ಬಂದಾಗ ‘ನೀತಿ ಸಂಹಿತೆ’ಯಲ್ಲಿ ಅದು ನಡತೆಯ ಅರ್ಥಕ್ಕೆ ಮರಳುತ್ತದೆ, ಅದು ಬಿಟ್ಟರೆ ಶಾಲೆಯ ನೀತಿಪಾಠ, ಅಜ್ಜಿಯ ನೀತಿಕಥೆ. ಮೂಲಕ್ಕೆ ಹೋದರೆ ಎರಡು ಅರ್ಥಕ್ಕೂ ಹಕ್ಕಿದೆ. ಸಂಸ್ಕೃತದ ‘ನೀ’ ಧಾತುವಿಗೆ ಒಯ್ಯು, ಮುನ್ನಡೆಸು ಎಂದರ್ಥ. ನಾಯಕ, ನಯ ಹುಟ್ಟಿದ್ದೂ ಅಲ್ಲಿಂದಲೇ. ರಾಜ್ಯ ನಡೆಸುವುದೂ ನೀತಿ, ತಾನು ನಡೆದುಕೊಳ್ಳುವುದೂ ನೀತಿ.

‘ನೈತಿಕ ಸಂಶೋಧನೆ’ ಎಂದು ತಿದ್ದಿದೆ. ‘ಹಾಗಾದರೆ ನಾವು ಇಷ್ಟು ದಿನ ಮಾಡಿದ್ದು?’ ಎಂದು ಪಕ್ಕದ ಮೇಜಿನಿಂದ ಪ್ರಶ್ನೆ ಬಂತು. (ಪತ್ರಿಕೆಗಳ ದಯೆಯಿಂದ ‘ಅನೈತಿಕ’ ಎಂದ ಕೂಡಲೇ ‘ಸಂಬಂಧ’ವೂ ಹಿಂದೆಯೇ ಬಂದುಬಿಡುತ್ತದೆ.) ನೈತಿಕ ಸಂಶೋಧನೆ ಎಂದರೆ ಕದಿಯದೆ, ಅಂಕಿ ಅಂಶ ತಿರುಚದೆ ಮಾಡಿದ ಸಂಶೋಧನೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲಿ ತಂದ ಕೃತಿಚೌರ್ಯ ತಡೆ ನಿಯಮ, ಶೇ 10ರವರೆಗಿನ ಹೋಲಿಕೆಗೆ ಕೊಟ್ಟ ವಿನಾಯಿತಿ ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಸುತ್ತೋಲೆಗೆ ಬೇಕಿರುವುದು ಎಥಿಕ್ಸನ್ನೇ ವಿಷಯವಾಗಿ ಕೈಗೆತ್ತಿಕೊಳ್ಳುವ ಸಂಶೋಧನೆ. ‘ನೀತಿಶಾಸ್ತ್ರ’ ಎಂದರೆ ಕರಾರುವಾಕ್ಕು, ಒಪ್ಪುತ್ತೇನೆ. ಆದರೆ ಹಾಗೆ ಬರೆದರೆ ಕಾನೂನು, ನರ್ಸಿಂಗ್, ಕಂಪ್ಯೂಟರ್ ವಿಭಾಗದವರು ‘ಇದು ತತ್ತ್ವಶಾಸ್ತ್ರದವರಿಗೆ’ ಎಂದು ಪುಟ ಮಡಚಿಡುತ್ತಾರೆ.

ಇನ್ನು ‘ಮೌಲ್ಯ’. ಕ್ಯಾಂಪಸ್ಸಿನಲ್ಲಿ ಈ ಪದ ಹೆಚ್ಚಾಗಿ ಕೇಳುವುದು ಉತ್ತರ ಪತ್ರಿಕೆಗಳ ಮೌಲ್ಯಮಾಪನದಲ್ಲಿ. ‘ಮಾನವೀಯ ಮೌಲ್ಯ’ ಕಿವಿಗೆ ಇಂಪು, ಆದರೆ ಅದು ದಯೆ, ಅನುಕಂಪದ ಕಡೆಗೇ ವಾಲುತ್ತದೆ. ಸತ್ಯ, ಸ್ವಾತಂತ್ರ್ಯ, ಸೌಂದರ್ಯ ಹೊರಗುಳಿಯುತ್ತವೆ. ಯುಜಿಸಿ 2019ರಲ್ಲಿ ಇದೇ ವಿಷಯಕ್ಕೆ ಹೊರಡಿಸಿದ ಮಾರ್ಗಸೂಚಿಯ ಹೆಸರು ‘ಮೂಲ್ಯ ಪ್ರವಾಹ್’. ಹಿಂದಿಯಲ್ಲಿ ಪ್ರವಾಹ್ ಎಂದರೆ ಹರಿವು. ಕನ್ನಡದಲ್ಲಿ ಪ್ರವಾಹ ಬಂದರೆ ಪರಿಹಾರ ಕೇಂದ್ರ ತೆರೆಯಬೇಕಾಗುತ್ತದೆ!

ನನಗೆ ನಿಜವಾಗಿ ಆಸೆ ಹುಟ್ಟಿಸಿದ್ದು ‘ಪುರುಷಾರ್ಥ’. ಮೈಸೂರಿನ ತತ್ತ್ವಶಾಸ್ತ್ರ ವಿದ್ವಾಂಸ ಪ್ರೊ. ಎಂ. ಹಿರಿಯಣ್ಣನವರು ಭಾರತೀಯ ಮೌಲ್ಯವಿಚಾರವನ್ನು ವಿವರಿಸಿದ್ದು ಈ ಪದದ ಮೂಲಕವೇ. ಮನುಷ್ಯ ಬಯಸಿ ಅರಸುವಂಥದ್ದು ಎಂಬ ಅರ್ಥ ಅದರಲ್ಲೇ ಇದೆ. ಆದರೆ ಬಳಸುವಂತಿಲ್ಲ. ನಮ್ಮ ಅಮ್ಮ ದಿನಕ್ಕೆ ನಾಲ್ಕು ಸಲ ‘ಯಾವ ಪುರುಷಾರ್ಥಕ್ಕೋ’ ಅನ್ನುತ್ತಾರೆ. ಪುರುಷಾರ್ಥ ಸಂಶೋಧನೆಗೆ ಹಣ ಎಂದರೆ ಲೆಕ್ಕಪತ್ರ ವಿಭಾಗದವರೂ ಅದನ್ನೇ ಕೇಳುತ್ತಾರೆ.

ಹಣದ ಪದದಲ್ಲಿ ತಕರಾರು ಕಡಿಮೆ. ‘ಸಹಾಯಧನ’ ತುಂತುರು ನೀರಾವರಿ ಪೈಪಿಗೆ ಸಿಗುವಂಥದ್ದು. ‘ಅನುದಾನ’ ಎಂದರೆ ಶಾಸಕರದ್ದು, ಇಲ್ಲವೇ ಅನುದಾನಿತ ಶಾಲೆಯದ್ದು. ಯುಜಿಸಿಗೆ ಹಿಂದಿನಿಂದ ಇರುವ ‘ಧನಸಹಾಯ ಆಯೋಗ’ದ ಧನಸಹಾಯವೇ ವಾಸಿ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ನ್ಯಾಕ್ ಕೇಳುವ ‘ಸೀಡ್ ಮನಿ’ಗೆ (ಸಂಶೋಧನೆ ಶುರುಮಾಡಲು ಸಂಸ್ಥೆಯೇ ಕೊಡುವ ಹಣ) ‘ಬೀಜಧನ’ ಎಂದು ಹಾಕಿದ್ದೇನೆ, ಕೃಷಿ ವಿಶ್ವವಿದ್ಯಾಲಯದವರು ನಗದಿದ್ದರೆ ಸಾಕು.

ಸದ್ಯಕ್ಕೆ ಉಳಿಸಿಕೊಂಡಿರುವುದು: ‘ನೈತಿಕತೆ ಮತ್ತು ಮಾನವ ಮೌಲ್ಯಗಳನ್ನು ಕುರಿತ ಸಂಶೋಧನೆಗೆ ಅಧ್ಯಾಪಕರಿಗೆ ಧನಸಹಾಯ’. ಇಲ್ಲಿ ಹೊರೆ ಹೊತ್ತಿರುವುದು ‘ಕುರಿತ’. ಸಮಾಸ ಮಾಡಿದಾಗ ಕಾಣೆಯಾಗುತ್ತಿದ್ದ ಸಂಬಂಧ ಅದರಿಂದ ಕಾಣಿಸುತ್ತದೆ. ಆದರೂ ‘ನೈತಿಕತೆ’ ನನಗೆ ಸಮಾಧಾನ ಕೊಟ್ಟಿಲ್ಲ. ಅದು ವ್ಯಕ್ತಿಯ ಗುಣ, ವಿಚಾರದ ಕ್ಷೇತ್ರವಲ್ಲ ಅನ್ನಿಸುತ್ತದೆ. ‘ನೀತಿವಿಚಾರ’ ನಡೆದೀತೇ? ಧಾರವಾಡ, ಮಂಗಳೂರು ಕಡೆಯ ವಿಭಾಗಗಳಲ್ಲಿ ಏನು ಬಳಕೆಯಲ್ಲಿದೆ? ಆಸ್ಪತ್ರೆಗಳ ‘ಎಥಿಕ್ಸ್ ಕಮಿಟಿ’ಗೆ ಯಾರಾದರೂ ಕನ್ನಡ ಫಲಕ ಬರೆಸಿದ್ದನ್ನು ನೋಡಿದ್ದೀರಾ? ಸೋಮವಾರ ಸುತ್ತೋಲೆ ಸಹಿಗೆ ಹೋಗಬೇಕು.