ಪದಚರ್ಚೆ: ಕ್ಯಾರಿ ಫ್ಲ್ಯಾಗ್ – ದಶಕವೋ, ಕೈಯೋ?

6502 ಎಂಬ ಹಳೆಯ ಪ್ರೊಸೆಸರ್ ಚಿಪ್ಪಿನ ಅಸೆಂಬ್ಲಿಯನ್ನು (ಚಿಪ್ಪಿಗೆ ನೇರವಾಗಿ ಕೊಡುವ ಆದೇಶಗಳ ಭಾಷೆ) ಕನ್ನಡದಲ್ಲಿ ವಿವರಿಸುವಾಗ ‘ಕ್ಯಾರಿ’ಗೆ, ಅಂದರೆ ಲೆಕ್ಕದಲ್ಲಿ ಹೊರಬಿದ್ದ ಒಂದನ್ನು ಹಿಡಿದಿಡುವ ಒಂದು ಬಿಟ್ಟಿನ ಗುರುತಿಗೆ (ಫ್ಲ್ಯಾಗ್), ಏನನ್ನೋಣ? ಶಾಲೆಯ ‘ದಶಕ ಸಹಿತ ಸಂಕಲನ’ದಿಂದ ‘ದಶಕ’ ತಂದರೆ ಲೆಕ್ಕವೇ ತಪ್ಪುತ್ತದೆ. 8 ಬಿಟ್‌ ರಿಜಿಸ್ಟರಿನಿಂದ (ಚಿಪ್ಪು ಲೆಕ್ಕಕ್ಕೆ ಬಳಸುವ ಪುಟ್ಟ ಜಾಗ) ಹೊರಬೀಳುವ ಒಂದರ ಬೆಲೆ ಹತ್ತಲ್ಲ, 256. ಎಸ್‌ಇಡಿ ಆದೇಶ ಹಾಕಿ ದಶಮಾನಕ್ಕೆ ಹೊರಳಿಸಿದರೂ 100. ಬಿಟ್ಟುಗಳನ್ನು ಎಡಕ್ಕೆ ಸರಿಸುವ ಎಎಸ್‌ಎಲ್‌ನಲ್ಲಂತೂ ಕೂಡುವ ಮಾತೇ ಇಲ್ಲ. ಎಡತುದಿಯ ಬಿಟ್ ಜಾರಿ ಕ್ಯಾರಿಗೆ ಬೀಳುತ್ತದೆ, ಅಷ್ಟೆ.

ಬಾಯಿಲೆಕ್ಕದ ‘ಕೈಯಲ್ಲಿ ಒಂದು’ ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಹಳೆಯ ಚಿಪ್ಪುಗಳ ರುಚಿಯೇ ಕಾಗದದ ಮೇಲಿನ ಲೆಕ್ಕ ಹಾಗೆಹಾಗೇ ಒಳಗೆ ನಡೆಯುವುದರಲ್ಲಿದೆ. 300ಕ್ಕೆ 500 ಕೂಡಿ. ಒಂದು ಬೈಟಿನಲ್ಲಿ (8 ಬಿಟ್) 255ರವರೆಗೆ ಮಾತ್ರ ಹಿಡಿಯುತ್ತದೆ, ಆದ್ದರಿಂದ ಪ್ರತಿ ಸಂಖ್ಯೆಗೂ ಎರಡು ಬೈಟು: ಮೇಲಿನದು ಎಷ್ಟು 256 ಎಂದು, ಕೆಳಗಿನದು ಉಳಿಕೆ. ಕೆಳ ಬೈಟುಗಳು 44, 244, ಒಟ್ಟು 288. ಬರೆಯುವುದು 32, ಕೈಯಲ್ಲಿ ಒಂದು. ಮೇಲಿನ ಬೈಟುಗಳು 1, 1, ಕೈಯದೊಂದು: 3. ಮೂರು 256ರ ಮೇಲೆ 32, ಅಂದರೆ 800. ಕೈಯದನ್ನು ಬಿಟ್ಟು ಕೂಡುವ ಆದೇಶ 6502ರಲ್ಲಿಲ್ಲ, ಇರುವುದು ಎಡಿಸಿ ಒಂದೇ. ಆದ್ದರಿಂದ ಮೊದಲು ಸಿಎಲ್‌ಸಿ ಹಾಕಿ ಕೈ ಖಾಲಿ ಮಾಡಬೇಕು. ಮರೆತರೆ ಒಮ್ಮೆ 800, ಒಮ್ಮೆ 801. ಹಿಂದಿನ ಆದೇಶ ಕೈಯಲ್ಲಿ ಏನು ಬಿಟ್ಟುಹೋಗಿತ್ತೋ ಹಾಗೆ. ಹಲವು ಬೈಟುಗಳನ್ನು ಲೂಪಿನಲ್ಲಿ ಕೂಡುವಾಗ, ಎಣಿಕೆಯನ್ನು ಒಂದೊಂದೇ ಇಳಿಸುವ ಡಿಇಎಕ್ಸ್ ಕೈ ಮುಟ್ಟುವುದಿಲ್ಲ. ಎಣಿಕೆಯನ್ನು ಹೋಲಿಸುವ ಸಿಪಿಎಕ್ಸ್ ಹಾಕಿದಿರೋ, ಕೈಯಲ್ಲಿದ್ದದ್ದು ಹೋಯಿತು.

ಪದ ಗಟ್ಟಿಯೇ ಎಂದು ತಿಳಿಯುವುದು ಕಳೆಯುವಾಗ. 6502ರಲ್ಲಿ ಎಸ್‌ಇಸಿ ಹಾಕಿ, ಕೈಯಲ್ಲಿ ಒಂದಿಟ್ಟುಕೊಂಡೇ ಹೊರಡಬೇಕು. 800ರಲ್ಲಿ 300 ಕಳೆಯೋಣ. 32ರಲ್ಲಿ 44 ಹೋಗದು. ಕೈಯ ಒಂದನ್ನು 256 ಚಿಲ್ಲರೆ ಮಾಡಿಸಿದರೆ 288, ಕಳೆದುಳಿದದ್ದು 244, ಕೈ ಬರಿದು. ಮೇಲೆ 3ರಲ್ಲಿ 1 ಹೋಯಿತು, ಬರಿಗೈಯ ಲೆಕ್ಕಕ್ಕೆ ಇನ್ನೊಂದು, ಉಳಿದದ್ದು 1. ಉತ್ತರ 500. ‘ಸಾಲ’ ಎಂದು ಕಲಿತವರಿಗೆ ಸಾಲ ತಂದಾಗ ಕ್ಯಾರಿ ಸೊನ್ನೆಯಾಗುವುದು ತಲೆಕೆಳಗು ಅನ್ನಿಸುತ್ತದೆ. ಕೈ ಎಂದವರಿಗೆ ತೊಡಕಿಲ್ಲ.

ತೊಡಕು ಬರುವುದು 8085, ಝಡ್80 ಎಂಬ ಬೇರೆ ಪ್ರೊಸೆಸರ್ ಚಿಪ್ಪುಗಳಲ್ಲಿ. ಅಲ್ಲಿ ಕಳೆಯುವಾಗ ಸಾಲ ತಂದರೆ ಅದೇ ಬಿಟ್ 1 ಆಗುತ್ತದೆ. ಇದಕ್ಕೆ ‘ಕೈಗಡ’ ಒಪ್ಪುತ್ತದೆ. ಕೈಯೂ ಉಳಿಯಿತು, ಸಾಲವೂ ಬಂತು. ಆದರೆ ಒಂದೇ ಫ್ಲ್ಯಾಗಿಗೆ ಕೂಡುವಾಗ ಒಂದು ಹೆಸರು, ಕಳೆಯುವಾಗ ಇನ್ನೊಂದು ಇರಬಹುದೇ? ಜೊತೆಗೆ, 6502ರ ಆರ್‌ಒಎಲ್ ಆದೇಶ ಕ್ಯಾರಿಯನ್ನೂ ಸೇರಿಸಿ 9 ಬಿಟ್ ಸುತ್ತಿಸುತ್ತದಲ್ಲ, ಅದಕ್ಕೆ ‘ಕೈಸುತ್ತು’ ಎಂದರೆ ಅರ್ಥವಾದೀತೇ, ಅಥವಾ ಇದಕ್ಕಿಂತ ಬಳಕೆಯ ಮಾತು ಯಾವುದಾದರೂ ಇದೆಯೇ?