ಕೊನೆಯ ಟ್ಯಾಂಕಿಗೆ ನೀರು ಏರ್ತಿಲ್ಲ, ದೊಡ್ಡ ಪಂಪ್ ಹಾಕಿದ್ರೆ ಸರಿಹೋಗುತ್ತಾ?

ತುದಿಯೂರು:

ಎಲ್ಲರಿಗೂ ನಮಸ್ಕಾರ. ಸಿವಿಲ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ನದಿಯಿಂದ ನೀರೆತ್ತಿ, ಶುದ್ಧ ಮಾಡಿ, ಒಂದು ಪಟ್ಟಣಕ್ಕೂ ಅದರಾಚೆಯ ಸಾಲು ಹಳ್ಳಿಗಳಿಗೂ ಒಂದೇ ಮುಖ್ಯ ಪೈಪಿನಲ್ಲಿ ಕೊಡುವ ಯೋಜನೆ ನಮ್ಮದು. ಟ್ರಯಲ್ ಶುರುವಾಗಿದೆ. ಪಂಪ್‌ಹೌಸಿನ ಮೀಟರಿನಲ್ಲಿ ನೀರು ಲೆಕ್ಕದಷ್ಟೇ ಹೊರಡುತ್ತಿದೆ. ಆದರೆ ಕೊನೆಯ ಮೂರು ಓವರ್‌ಹೆಡ್ ಟ್ಯಾಂಕುಗಳ ತಳವೂ ಒದ್ದೆಯಾಗುತ್ತಿಲ್ಲ. ಮೊದಲ ಹಳ್ಳಿಯ ಟ್ಯಾಂಕ್ ನೋಡಿದರೆ ತುಂಬಿ ಹೊರಗೆ ಸುರಿಯುತ್ತೆ! ಗುತ್ತಿಗೆದಾರರು ಇನ್ನೂ ದೊಡ್ಡ ಪಂಪ್ ಕೂರಿಸೋಣ ಅಂತಿದ್ದಾರೆ. ಮೇಲಿನವರೂ ಒಪ್ಪುವ ಹಾಗಿದೆ. ಕೊನೆಯ ಊರಿನವರು ದಿನಾ ಫೋನ್ ಮಾಡಿ ಕೇಳ್ತಾರೆ. ಏನು ಹೇಳಲಿ?

ಹಳೇವಾಲ್ವ್:

ಪಂಪಿನ ಆರ್ಡರ್ ಸ್ವಲ್ಪ ತಡೀರಿ. ಮೀಟರ್ ಲೆಕ್ಕದಷ್ಟೇ ತೋರಿಸುತ್ತಿದೆ ಅಂದ್ರೆ ಪಂಪ್ ತನ್ನ ಕೆಲಸ ಮಾಡಿ ಮುಗಿಸಿದೆ. ನೀರು ಹೊರಟಿದೆ, ದಾರಿಯಲ್ಲಿ ಯಾರೋ ಇಳಿಸಿಕೊಂಡಿದ್ದಾರೆ. ಪಂಪ್ ದೊಡ್ಡದು ಮಾಡಿದರೆ ಮೊದಲ ಹಳ್ಳಿಯ ಟ್ಯಾಂಕ್ ಇನ್ನೂ ಜೋರಾಗಿ ಸುರಿಯುತ್ತೆ, ಅಷ್ಟೇ.

ಖರ್ಚಿನ ಮಾತೂ ಇದೆ. ಅದೇ ಪೈಪಿನಲ್ಲಿ ಎರಡರಷ್ಟು ನೀರು ತಳ್ಳಬೇಕಾದರೆ, ಪೈಪಿನ ಒಳಮೈಗೆ ಉಜ್ಜಿ ಹೋಗುವ ಒತ್ತಡ ಸುಮಾರು ನಾಲ್ಕರಷ್ಟಾಗುತ್ತೆ. ಆ ಉಜ್ಜಾಟಕ್ಕೇ ಸುಡುವ ಕರೆಂಟು ಎಂಟರಷ್ಟು. ಮೇಲಿನವರಿಗೆ ಬೇರೇನೂ ಹೇಳಬೇಡಿ, ಇದೊಂದನ್ನು ಹೇಳಿ.

ಮೊದಲ ಹಳ್ಳಿ ಯಾಕೆ ತುಂಬಿ ಸುರಿಯುತ್ತೆ? ಟ್ಯಾಂಕಿನ ಬಾಯಲ್ಲಿ ಎಷ್ಟು ಒತ್ತಡ ಉಳಿದಿದೆ ಅನ್ನೋದರ ಮೇಲೆ ಒಳಗೆ ಬೀಳುವ ನೀರು ನಿಂತಿದೆ. ಅಲ್ಲಿ 40 ಮೀಟರ್ ಹೆಡ್ (ಅಂದ್ರೆ ನೀರನ್ನು ಅಷ್ಟು ಮೀಟರ್ ಎತ್ತರಕ್ಕೆ ಏರಿಸುವಷ್ಟು ಒತ್ತಡ) ಉಳಿದು ಕೊನೆಯಲ್ಲಿ 10 ಮೀಟರ್ ಉಳಿದರೆ, ಒಂದೇ ಸೈಜಿನ ಬಾಯಿದ್ದರೂ ಮೊದಲನೆಯವರಿಗೆ ಎರಡರಷ್ಟು ಬೀಳುತ್ತೆ. ಫ್ಲೋಟ್ ವಾಲ್ವ್ ಇದೆಯಲ್ಲ ಅಂತೀರಿ. ಟ್ಯಾಂಕ್ ತುಂಬಿದರೆ ತಾನೇ ಅದು ಮುಚ್ಚೋದು? ಕೆಳಗೆ ನಲ್ಲಿಗಳು ಇಡೀ ದಿನ ತೆರೆದೇ ಇದ್ದರೆ ಅದು ಮುಚ್ಚೋದೇ ಇಲ್ಲ. ನಿಮ್ಮಲ್ಲಂತೂ ತುಂಬಿ ಹೊರಗೇ ಸುರಿಯುತ್ತಿದೆ, ಅಂದ್ರೆ ಫ್ಲೋಟ್ ಕೆಟ್ಟಿದೆ ಅಥವಾ ಯಾರೋ ಕಟ್ಟಿಹಾಕಿದ್ದಾರೆ. ಹತ್ತಿ ನೋಡಿ.

ಇದಕ್ಕೆ ಅಗ್ಗದ ಮದ್ದು ಆರಿಫಿಸ್ ಪ್ಲೇಟ್. ನಡುವೆ ತೂತು ಕೊರೆದ ಸ್ಟೀಲ್ ಬಿಲ್ಲೆ, ಪೈಪ್ ಜೋಡಿಸುವ ಎರಡು ಫ್ಲೇಂಜ್ (ತುದಿಯ ಅಗಲ ಅಂಚು) ನಡುವೆ ಕೂರಿಸಿ ಬೋಲ್ಟ್ ಬಿಗಿದರೆ ಮುಗೀತು. ಆ ಊರಿನ ಪಾಲು ಎಷ್ಟೋ ಅಷ್ಟಕ್ಕೆ ತೂತು. ಗೇಟ್ ವಾಲ್ವನ್ನು ಅರ್ಧ ಮುಚ್ಚಿ ಬಿಡೋಣ ಅಂತ ಯಾರಾದರೂ ಹೇಳೇ ಹೇಳ್ತಾರೆ. ಬೇಡ. ಅರ್ಧ ತೆರೆದ ಗೇಟ್ ಅದುರಿ ಅದುರಿ ಸವೆಯುತ್ತೆ. ಅದಕ್ಕಿಂತ ಮುಖ್ಯ, ಅದರ ಕೀಲಿ ಎಲ್ಲರ ಮನೆಯಲ್ಲೂ ಇರುತ್ತೆ.

ಆದರೆ ಎಲ್ಲಾ ತಪ್ಪನ್ನೂ ಮೊದಲ ಹಳ್ಳಿ ಮೇಲೆ ಹೊರಿಸಬೇಡಿ. ಒಂದು ಪ್ರೆಶರ್ ಗೇಜ್ ಹಿಡಿದು ಲೈನ್ ಉದ್ದಕ್ಕೂ ನಡೀರಿ. ನೀರು ಹರಿಯುತ್ತಿರುವಾಗಲೇ ಒಂದೊಂದು ಚೇಂಬರಿನಲ್ಲೂ (ವಾಲ್ವ್ ಇರುವ ಗುಂಡಿ) ಗೇಜ್ ಓದಿ. ಕೆಜಿಯಲ್ಲಿ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಒತ್ತಡ ಅಂತ) ಬಂದದ್ದನ್ನು ಹತ್ತರಿಂದ ಗುಣಿಸಿದರೆ ಮೀಟರ್. ಅದಕ್ಕೆ ಆ ಜಾಗದ ನೆಲಮಟ್ಟ ಕೂಡಿಸಿ, ಕಾಗದದ ಮೇಲೆ ಚುಕ್ಕಿ ಇಟ್ಟು ಸೇರಿಸಿ. ಗೆರೆ ನಿಧಾನವಾಗಿ ಇಳಿಯಬೇಕು. ಎಲ್ಲಿ ದಢಕ್ಕನೆ ಬೀಳುತ್ತೋ ಅಲ್ಲಿ ಅಗೀರಿ.

ಲ್ಯಾಬ್‌ಕೋಣೆ:

ನಾನು ನೀರು ಪರೀಕ್ಷೆ ಮಾಡುವವಳು, ನನ್ನ ಚಿಂತೆ ಬೇರೆ. 300 ಮಿಲಿಮೀಟರ್ ಪೈಪಿನ ಒಂದು ಕಿಲೋಮೀಟರಿನಲ್ಲಿ ಸುಮಾರು 70 ಸಾವಿರ ಲೀಟರ್ ನೀರು ಕೂತಿರುತ್ತೆ. 20 ಕಿಲೋಮೀಟರ್ ಅಂದ್ರೆ 14 ಲಕ್ಷ. ಮುಂದೆ ಜನ ಜಾಸ್ತಿಯಾಗ್ತಾರೆ ಅಂತ ಪೈಪ್ ದೊಡ್ಡದು ಹಾಕಿರ್ತೀರಿ. ಸದ್ಯ ತುದಿಯಲ್ಲಿ ದಿನಕ್ಕೆ ಐದು ಲಕ್ಷ ಲೀಟರ್ ಖರ್ಚಾದರೆ, ಅವರು ಕುಡಿಯೋದು ಹೆಚ್ಚುಕಡಿಮೆ ಮೂರು ದಿನದ ಹಳೇ ನೀರು. ಅಷ್ಟರಲ್ಲಿ ಕ್ಲೋರಿನ್ ಕರಗಿ ಹೋಗಿರುತ್ತೆ.

ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದನ್ನು ತಲುಪಿಸೋಕೆ ಶುದ್ಧೀಕರಣ ಘಟಕದಲ್ಲೇ ಹೆಚ್ಚು ಸುರಿದರೆ ಮೊದಲ ಊರಿನವರು ವಾಸನೆ ಅಂತ ಬಾಯಿಗೇ ಹಾಕಲ್ಲ. ಮಧ್ಯದ ಟ್ಯಾಂಕಿನಲ್ಲಿ ಕ್ಲೋರಿನ್ ಬೆರೆಸುವ ಇನ್ನೊಂದು ಡೋಸಿಂಗ್ ಪಂಪ್ ಇಡಿ. ಮತ್ತೆ, ಗಂಟೆ ಲೆಕ್ಕದಲ್ಲಿ ನೀರು ಬಿಟ್ಟು ನಿಲ್ಲಿಸ್ತೀರಾದರೆ ನಿಂತ ಹೊತ್ತಿನಲ್ಲಿ ಪೈಪು ಹೊರಗಿನ ಕೊಳೆಯನ್ನು ಎಳೆದುಕೊಳ್ಳುತ್ತೆ. ಜಾಯಿಂಟ್ ಸೋರುವ ಕಡೆ ಪಕ್ಕದಲ್ಲೇ ಚರಂಡಿ ಇದ್ದರೆ ಮುಗೀತು ಕಥೆ. ತುದಿಯ ಮನೆಯಲ್ಲಿ ಮೊದಲು ಬರುವ ಬಕೆಟ್ ಕೆಂಪಗಿದ್ದರೆ ನಮಗೂ ಒಂದು ಬಾಟಲಿ ಕಳಿಸಿ.

ಮೀಟರ್‌ಪುಸ್ತಕ:

ಪಟ್ಟಣದ ಕಡೆ ಯಾರೂ ನೋಡ್ತಿಲ್ಲ ಅಲ್ವಾ? ಮಧ್ಯದಲ್ಲಿ ಪಟ್ಟಣವೊಂದು ಕೂತಿದ್ದರೆ ಅದರ ಸೋರಿಕೆಯೇ ಮೂರು ಹಳ್ಳಿ ಕುಡಿಯುವಷ್ಟಿರಬಹುದು. ಕಾಂಬೋಡಿಯಾದ ನಾಮ್ ಪೆನ್ ನಗರದಲ್ಲಿ 1993ರಲ್ಲಿ ಬಿಟ್ಟ ನೀರಿನಲ್ಲಿ 72% ದುಡ್ಡಾಗುತ್ತಿರಲಿಲ್ಲ. ಸೋರಿಕೆ, ಕಳ್ಳ ಕನೆಕ್ಷನ್, ಎಲ್ಲಾ ಸೇರಿ. ಎಕ್ ಸೊನ್ ಚಾನ್ ಅನ್ನುವವರು ಜಲಮಂಡಳಿಯ ಮುಖ್ಯಸ್ಥರಾಗಿ ಬಂದು ಪ್ರತಿ ಕನೆಕ್ಷನ್ನಿಗೂ ಮೀಟರ್ ಹಾಕಿಸಿದರು, ಹಳೇ ಪೈಪು ಬದಲಿಸಿದರು, ದೊಡ್ಡವರಿಂದಲೂ ಬಿಲ್ ವಸೂಲಿ ಮಾಡಿದರು. ಆಮೇಲೆ ಆ ಅಂಕಿ 6%ರ ಆಸುಪಾಸಿಗೆ ಬಂತು, 24 ಗಂಟೆ ನೀರೂ ಬಂತು. ಪಟ್ಟಣದ ಕವಲಿಗೆ, ಒಳಗೆ ಹೋಗುವ ಒಟ್ಟು ನೀರನ್ನು ಅಳೆಯುವ ಒಂದು ಬಲ್ಕ್ ಮೀಟರ್ ಹಾಕಿ ರಾತ್ರಿ ಎರಡು ಗಂಟೆಗೆ ಓದಿ. ಎಲ್ಲರೂ ಮಲಗಿದಾಗಲೂ ಮುಳ್ಳು ಓಡುತ್ತಿದ್ದರೆ ಅದು ಸೋರಿಕೆ, ಇಲ್ಲಾ ಮನೆ ಟ್ಯಾಂಕುಗಳು ತುಂಬುತ್ತಿವೆ.

ತುದಿಯೂರು:

ಗೇಜ್ ಹಿಡಿದು ನಡೆದೆ ಸರ್. ಒಂದು ಕಡೆ ನೆಲಮಟ್ಟ 610, ಗೇಜ್ 3.2, ಕೂಡಿದರೆ 642. ನಾಲ್ಕು ಕಿಲೋಮೀಟರ್ ಮುಂದೆ 609, ಗೇಜ್ 2.9, ಅಂದರೆ 638. ಅದರಿಂದ ಮೂರು ಕಿಲೋಮೀಟರಿಗೆ 611, ಗೇಜ್ ಬರೀ 0.9. ಮೊತ್ತ 620! ನಾಲ್ಕು ಕಿಲೋಮೀಟರಿಗೆ ನಾಲ್ಕು ಮೀಟರ್ ಇಳಿದದ್ದು ಇಲ್ಲಿ ಮೂರಕ್ಕೇ ಹದಿನೆಂಟು ಬಿದ್ದಿದೆ. ನಡುವೆ ಒಂದು ದಿಬ್ಬ ಇದೆ. ಸೋರಿಕೆ ಅಂತ ಹುಡುಕಿದೆವು, ನೆಲ ಒಣಗೇ ಇದೆ.

ಹಳೇವಾಲ್ವ್:

ದಿಬ್ಬದ ಮೇಲೆ, ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಗೆ ಬಿಡುವ ಏರ್ ವಾಲ್ವ್ ಇರಲೇಬೇಕು. ಚೇಂಬರಿನ ಮುಚ್ಚಳ ತೆಗೆದು ನೋಡಿದಿರಾ?

ತುದಿಯೂರು:

ಇವತ್ತು ತೆಗೆಸಿದೆ. ಚೇಂಬರ್ ತುಂಬಾ ಮಣ್ಣು. ಬಗೆದು ತೆಗೆದರೆ ವಾಲ್ವಿನ ಮೂಗಿಗೆ ಯಾರೋ ಮರದ ಗೂಟ ಬಡಿದಿದ್ದಾರೆ! ಅದು ಸಣ್ಣಗೆ ನೀರು ಚಿಮ್ಮುತ್ತಿತ್ತಂತೆ, ರಸ್ತೆ ಒದ್ದೆಯಾಗುತ್ತೆ ಅಂತ ಲೈನ್ ನೋಡಿಕೊಳ್ಳುವವರೇ ಮುಚ್ಚಿದರಂತೆ. ಹೊರಗಿನ ಕಳ್ಳರೇನೂ ಅಲ್ಲ.

ಹಳೇವಾಲ್ವ್:

ಅದೇ ನೋಡಿ. ಮುಚ್ಚಿದ ವಾಲ್ವಿನ ಕೆಳಗೆ ಗಾಳಿ ಸೇರಿಕೊಂಡು ದಿಬ್ಬದ ಇಳಿಜಾರಿನ ಕಡೆ ಹಿಗ್ಗುತ್ತೆ. ಪೈಪಿನ ಮೇಲ್ಭಾಗವೆಲ್ಲಾ ಗಾಳಿ, ತಳದಲ್ಲಷ್ಟೇ ನೀರು. ಆ ಗಾಳಿ ಎಷ್ಟು ಮೀಟರ್ ಕೆಳಗಿನವರೆಗೆ ಹಬ್ಬಿದೆಯೋ ಹೆಚ್ಚುಕಡಿಮೆ ಅಷ್ಟು ಹೆಡ್ ಹಾಳು. ಈ ಕಡೆ ತಡೆ ಜಾಸ್ತಿಯಾದಾಗ ನೀರು ಹಿಂದಿನ ಟ್ಯಾಂಕುಗಳಿಗೇ ತಿರುಗುತ್ತೆ. ಅದಕ್ಕೇ ನಿಮ್ಮ ಪಂಪ್‌ಹೌಸಿನ ಮೀಟರ್ ಏನೂ ಆಗಿಲ್ಲದಂತೆ ತೋರಿಸಿದ್ದು.

ಗೂಟ ಕಿತ್ತು ಹಾಗೇ ಬಿಡಬೇಡಿ, ಗಾಳಿ ಹೋದ ಮೇಲೆ ಬಾಯಿ ಮುಚ್ಚುವ ಒಳಗಿನ ಚೆಂಡು ಸರಿಯಾಗಿ ಕೂರದೇ ನೀರು ಚಿಮ್ಮುತ್ತಿತ್ತು. ಚೆಂಡೂ ಅದರ ರಬ್ಬರ್ ಸೀಟೂ ಬದಲಿಸಿ. ಆಮೇಲೆ ಲೈನ್ ನಿಧಾನಕ್ಕೆ ತುಂಬಿಸಿ. ನೀರು ಬಂತೆಂದು ಖುಷಿಯಲ್ಲಿ ಯಾರಾದರೂ ಕೊನೆಯ ವಾಲ್ವನ್ನು ಟಪ್ಪಂತ ಮುಚ್ಚಿದರೆ ಕಷ್ಟ. ಸೆಕೆಂಡಿಗೆ ಒಂದು ಮೀಟರ್ ಓಡುವ ನೀರು ಕಬ್ಬಿಣದ ಪೈಪಿನಲ್ಲಿ ತಟ್ಟನೆ ನಿಂತರೆ ಸುಮಾರು 100 ಮೀಟರ್ ಹೆಡ್ಡಿನಷ್ಟು ಏಟು ವಾಪಸ್ ಬರುತ್ತೆ, ಜಾಯಿಂಟ್ ತಡೆಯಲ್ಲ.

ತುದಿಯೂರು:

ಗೂಟ ಕಿತ್ತ ಮೇಲೆ ತುಂಬಾ ಹೊತ್ತು ಬುಸ್ ಅಂತ ಗಾಳಿ ಹೋಯ್ತು ಸರ್. ಬಿಡಿಭಾಗ ಸಿಗೋವರೆಗೆ ಅಲ್ಲೊಬ್ಬರನ್ನು ಕೂರಿಸಿದ್ದೇವೆ. ಎರಡು ಟ್ಯಾಂಕಿಗೆ ನೀರು ಏರ್ತಿದೆ, ಕಟ್ಟಕಡೆಯದಕ್ಕೆ ಇನ್ನೂ ಇಲ್ಲ. ಮೊದಲ ಹಳ್ಳಿಯ ಫ್ಲೋಟನ್ನು ತಂತಿಯಲ್ಲಿ ಕಟ್ಟಿದ್ದರು, ನೀವು ಹೇಳಿದ ಹಾಗೇ. ಬಿಚ್ಚಿದೆವು, ಸಂಜೆಗೆ ಮತ್ತೆ ಕಟ್ಟಿದ್ದಾರೆ. ಪ್ಲೇಟಿನ ತೂತಿನ ಲೆಕ್ಕ ಕಳಿಸಿದರೆ ಒಮ್ಮೆ ನೋಡಿಕೊಡ್ತೀರಾ?

ಹಳೇವಾಲ್ವ್:

ಕಳಿಸಿ. ಆ ಟ್ಯಾಂಕಿನ ಬಾಯಲ್ಲಿ ಗೇಜ್ ಎಷ್ಟು, ದಿನಕ್ಕೆ ಎಷ್ಟು ಲೀಟರ್ ಪಾಲು, ಎಷ್ಟು ಗಂಟೆ ಪಂಪಿಂಗ್, ಮೂರೂ ಇರಲಿ. ಫ್ಲೇಂಜ್ ಬೋಲ್ಟಿಗೆ ವೆಲ್ಡ್ ಮಾಡಿಸಿ, ಇಲ್ಲಾಂದ್ರೆ ಬಿಲ್ಲೆಯೂ ಒಂದು ರಾತ್ರಿಯಲ್ಲಿ ಮಾಯವಾಗುತ್ತೆ.